ಜ್ವರ ಬಂದ ಟ್ರ್ಯಾಕ್ಟರ್

ಎರಡು ಲಕ್ಷ ಹತ್ತು ಸಾವಿರ ಕೊಟ್ಟು ತಂದ ಹಳೆ ಟ್ರ್ಯಾಕ್ಟರು. ಎರಡೂವರೆ ಲಕ್ಷಕ್ಕೆ ಮಾರಬೇಕು. ಸೌದಾ ಅಂದರೆ ಇಷ್ಟೇ. ಇದರಲ್ಲಿ ನಗುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ, ಅವರು ಜನ್ಮದಲ್ಲಿ ಹಳೆ ಟ್ರ್ಯಾಕ್ಟರ್ ಮಾರಿದವರಲ್ಲ ಎಂದು ತಿಳಿಯಬೇಕು. ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡು, ಅದರ ಮುಂದೆ ರಸ್ತೆಯ ಕಡೆಗೆ ಇಳಿಜಾರಾದ ಅಂಗಳ. ಮೂವತ್ತು ವರ್ಷದಿಂದ ಅಲ್ಲೇ ಕೂತು ಹಳೆ ಟ್ರ್ಯಾಕ್ಟರ್ ಕೊಳ್ಳುತ್ತೇನೆ, ಮಾರುತ್ತೇನೆ. ಮರ್ಯಾದೆಯಿಂದ ಶುರುವಾಗಿ ಮರ್ಯಾದೆಯಿಂದಲೇ ಮುಗಿದ ವ್ಯಾಪಾರ ನೆನಪಿಸಿಕೊಳ್ಳಲು ಒಂದು ಕೈಯ ಬೆರಳು ಸಾಕು, ಅದರಲ್ಲೂ ಎರಡು ಉಳಿಯುತ್ತವೆ.

ಈ ಟ್ರ್ಯಾಕ್ಟರಿನದು ಮಾತ್ರ ಬೇರೆಯದೇ ಕಥೆ. ಒಂದು ಕಾಲಕ್ಕೆ ಕೆಂಪಗಿದ್ದದ್ದು, ಬಿಸಿಲು ತಿಂದು ತಿಂದು ಕಮಲಾಪುರದ ಕೆಂಬಾಳೆ ಸಿಪ್ಪೆಯ ಬಣ್ಣಕ್ಕೆ ಬಂದು ನಿಂತಿತ್ತು. ಅದಕ್ಕೇ ಇರಬೇಕು, ಕೇಳಿಕೊಂಡು ಬಂದವರೆಲ್ಲ ಕಮಲಾಪುರದವರೇ.

ಹಳೆ ಡೀಸೆಲ್ ಇಂಜಿನ್ನಿನ ಗುಟ್ಟು ತಿಳಿಯುವುದು ಅದು ತಣ್ಣಗಿದ್ದಾಗ. ಬಿಸಿಯಾಗಿರುವ ಇಂಜಿನ್ನು ಯಾರು ಚಾವಿ ತಿರುಗಿಸಿದರೂ ಶುರುವಾಗುತ್ತದೆ, ಊಟವಾದ ಮೇಲೆ ಎಲ್ಲರೂ ಒಳ್ಳೆಯವರಾಗುವ ಹಾಗೆ. ರಾತ್ರಿಯಿಡೀ ತಣ್ಣಗೆ ನಿಂತದ್ದು ಮುಂಜಾನೆ ಒಂದೇ ಸೆಲ್ಫಿಗೆ, ಅಂದರೆ ಚಾವಿಯ ಒಂದೇ ತಿರುವಿಗೆ, ಶುರುವಾದರೆ ಒಳಗೆ ಜೀವ ಇದೆ. ಕೆಮ್ಮಿ, ಬಿಳಿ ಹೊಗೆ ಉಗುಳಿ ಸುಮ್ಮನಾದರೆ ಒಳಗೆ ಖರ್ಚು ಇದೆ. ಆದ್ದರಿಂದ ಮಾರುವವನು ಗಿರಾಕಿ ಬರುವ ಮೊದಲೇ ಇಂಜಿನ್ನನ್ನು ಒಂದಿಷ್ಟು ಓಡಿಸಿ ಕಾಯಿಸಿಟ್ಟಿರುತ್ತಾನೆ. ಕೊಳ್ಳುವವನು ಬಂದ ಕೂಡಲೇ ಇಂಜಿನ್ನಿನ ಮೇಲೆ ಅಂಗೈ ಇಡುತ್ತಾನೆ. ನಮಸ್ಕಾರ ಆಮೇಲೆ. ಇದು ನಮ್ಮ ಕಡೆಯ ಪದ್ಧತಿ.

ಅಂಗೈ

ಮೊದಲು ಬಂದವರು ಕಮಲಾಪುರದ ಒಬ್ಬ ಹಿರಿಯ ರೈತರು. ಬಿಳಿ ಧೋತರ, ತಲೆಗೆ ಟೋಪಿ, ಕಂಕುಳಲ್ಲಿ ಛತ್ರಿ. ಡಿಸೆಂಬರಿನ ಚಳಿಗಾಲದಲ್ಲಿ ಛತ್ರಿ ಯಾಕೆಂದು ನಾನು ಕೇಳಲಿಲ್ಲ. ಗಿರಾಕಿಗೆ ಅಂಥ ಪ್ರಶ್ನೆ ಕೇಳಬಾರದು. ಒಂಬತ್ತಕ್ಕೆ ಬರುತ್ತೇನೆ ಎಂದಿದ್ದರು. ನಾನು ಎಂಟಕ್ಕೇ ಟ್ರ್ಯಾಕ್ಟರ್ ಶುರು ಮಾಡಲು ಕೂತೆ. ಏಳು ಸೆಲ್ಫ್ ತಿಂದು, ಓಣಿ ತುಂಬ ಹೊಗೆ ಮಾಡಿ, ಅಂತೂ ಓಡಿತು. ಎಂಟೂಮುಕ್ಕಾಲಿಗೆ ಬಂದ್ ಮಾಡಿ, ಮುಖ ತೊಳೆದುಕೊಂಡು, ಏನೂ ಅರಿಯದವನ ಹಾಗೆ ಕುರ್ಚಿಯಲ್ಲಿ ಕೂತೆ.

ಅವರು ಬಂದರು. ನನ್ನ ಕಡೆ ನೋಡಲೂ ಇಲ್ಲ. ನೆಟ್ಟಗೆ ಟ್ರ್ಯಾಕ್ಟರಿನ ಹತ್ತಿರ ಹೋಗಿ, ಕೂಸಿನ ಹಣೆ ಮುಟ್ಟಿದ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಆಮೇಲೆ ಸೈಲೆನ್ಸರಿನ ಹತ್ತಿರ ಕೈ ಒಯ್ದು ಗಕ್ಕನೆ ಹಿಂದೆ ಎಳೆದುಕೊಂಡರು.

"ಸಾವ್ಕಾರ್ರ, ಇದಕ್ಕ ಜ್ವರ ಬಂದಾವ."

"ಏ, ಜ್ವರ ಎಲ್ಲೀದ್ರಿ, ಬಿಸಿಲಿಗೆ ಕಾದದ" ಅಂದೆ.

ಅವರು ಮೇಲೆ ತಗಡು ನೋಡಿದರು. ಸುತ್ತಲಿನ ಗೋಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಶೆಡ್ಡಿನೊಳಗ ಬಿಸಿಲು ಹ್ಯಾಂಗ ಬಂತ್ರಿ?"

ನಾನು ಎದುರಿನ ಹೋಟೆಲಿನ ಕಡೆ ಕೈ ಮಾಡಿದೆ. ಚಹಾ ತರಿಸಿದೆ. ಕುಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, ತೀರಾ ಕಾಳಜಿಯಿಂದ ಹೇಳಿದರು:

"ಹುಷಾರಾದ ಮ್ಯಾಲ ಹೇಳಿ ಕಳಸ್ರಿ. ಬಂದು ಮಾತಾಡಿಸಿಕೊಂಡು ಹೋಗ್ತೀನಿ."

ಬೆಕ್ಕು

ಎರಡನೆಯವರು ಮಾಸ್ತರು. ಮನೆ ಐವಾನ್-ಎ-ಶಾಹಿ ಕಡೆ, ಹೊಲ ಕಮಲಾಪುರದಲ್ಲಿ, ಸಂಬಳ ಸರಕಾರದಿಂದ. ಇಂಥ ಗಿರಾಕಿ ದೇವರು ಕೊಟ್ಟಂತೆ: ತಿಂಗಳ ಒಂದನೇ ತಾರೀಖಿಗೆ ರೊಕ್ಕ ಬರುತ್ತದೆ, ಇಂಜಿನ್ನಿನ ಗಂಧ ಇರುವುದಿಲ್ಲ. ಅಂಗೈ ಇಡುವುದನ್ನು ಮಾತ್ರ ಅವರಿಗೂ ಯಾರೋ ಕಲಿಸಿದ್ದರು.

ಈ ಸಲ ನಾನು ಪೂರ್ತಿ ತಯಾರಿ ಮಾಡಿಕೊಂಡಿದ್ದೆ. ಮಾಸ್ತರು ಹತ್ತಕ್ಕೆ ಬರುವವರು. ನಾನು ಆರಕ್ಕೇ ಬಂದು ಇಂಜಿನ್ನು ಓಡಿಸಿ ಚೆನ್ನಾಗಿ ಕಾಯಿಸಿದೆ. ಬಂದ್ ಮಾಡಿ, ಬಾನೆಟ್ಟಿನ ಮೇಲೂ ಸೈಲೆನ್ಸರಿನ ಸುತ್ತಲೂ ಹಸಿ ಗೋಣಿಚೀಲ ಹೊದಿಸಿದೆ. ಎದುರಿಗೆ ಮೇಜಿನ ಫ್ಯಾನು ಇಟ್ಟೆ. ಗಂಟೆಗೊಮ್ಮೆ ಚೀಲಕ್ಕೆ ನೀರು ಹಾಕಿದೆ. ಮನೆಯಲ್ಲಿ ನನ್ನ ತಾಯಿಗೆ ಜ್ವರ ಬಂದಾಗಲೂ ನಾನು ಇಷ್ಟು ಸೇವೆ ಮಾಡಿದ್ದು ನೆನಪಿಲ್ಲ. ಒಂಬತ್ತೂವರೆಗೆ ಚೀಲ ತೆಗೆದು ಒಣ ಬಟ್ಟೆಯಿಂದ ಒರೆಸಿದೆ. ಮೇಲೆ ಕೈ ಇಟ್ಟರೆ ಮಡಕೆಯ ಹಾಗೆ ತಣ್ಣಗೆ. ಒಳಗೆ ಇಂಜಿನ್ನು ಮಾತ್ರ ಇನ್ನೂ ಬೆಚ್ಚಗೆ, ಒಂದೇ ಸೆಲ್ಫಿಗೆ ಏಳಲು ತಯಾರು.

ಮಾಸ್ತರು ಬಂದು ಅಂಗೈ ಇಟ್ಟರು. ಮುಖ ಅರಳಿತು.

"ಭಾಳ ತಣ್ಣಗದ ಅಲ್ರಿ!"

"ಮೂರು ದಿನದಿಂದ ಯಾರೂ ಮುಟ್ಟೇ ಇಲ್ರಿ ಸರ" ಅಂದೆ.

"ಸ್ವಲ್ಪ ಬಾನೆಟ್ ಎತ್ತರಿ, ಒಳಗ ನೋಡೋಣ."

ಎತ್ತಿದೆ. ಇಂಜಿನ್ನಿನ ತಲೆಯ ಮೇಲೆ, ಕೈಕಾಲು ಚಾಚಿ, ಹೊಟ್ಟೆ ಮೇಲೆ ಮಾಡಿ, ನಮ್ಮ ಅಂಗಡಿಯ ಬೂದು ಬೆಕ್ಕು ಮಲಗಿತ್ತು. ಬಾನೆಟ್ ಎತ್ತಿದ್ದಕ್ಕೆ ಒಂದು ಕಣ್ಣು ತೆರೆದು, ಥಂಡಿ ಗಾಳಿ ಯಾಕೆ ಬಿಟ್ಟೆ ಎಂಬಂತೆ ನನ್ನನ್ನು ನೋಡಿ, ಮತ್ತೆ ಮುಚ್ಚಿತು.

ಮಾಸ್ತರು ಮೂಲೆಯಲ್ಲಿ ಬಿದ್ದಿದ್ದ ಹಸಿ ಗೋಣಿಚೀಲ ನೋಡಿ, ಅಂಗಳದ ಕಡೆ ತಿರುಗಿದರು. ಶಾಲೆಯಲ್ಲಿ ಹಾಜರಿ ಹಿಡಿಯುವ ಹಾಗೆ ಬೆರಳು ಮಾಡಿ ಎಣಿಸಿದರು.

"ಇಲ್ಲಿ ಒಟ್ಟು ಹನ್ನೊಂದು ಟ್ರ್ಯಾಕ್ಟರ್ ಅದಾವ. ಈ ಬೆಕ್ಕು ಇದನ್ನೇ ಯಾಕ ಆರಿಸ್ಕೊಂಡದ?"

"ಅದಕ್ಕ... ಇದು ಸೇರ್ತದ್ರಿ ಸರ."

"ಚಳಿಗಾಲದಾಗ ಬೆಕ್ಕಿಗೆ ಏನು ಸೇರ್ತದ ಅಂತ ನಮ್ಮ ಮೂರನೇತ್ತೆ ಮಕ್ಕಳಿಗೂ ಗೊತ್ತದ" ಎಂದು ಮಾಸ್ತರು ಚಪ್ಪಲಿ ಹಾಕಿಕೊಂಡರು. "ತಪ್ಪು ತಿಳೀಬ್ಯಾಡ್ರಿ ಸಾವ್ಕಾರ್ರ. ನೀವೂ ಒಂದು ಮಾತು ಹೇಳಿದ್ರಿ, ಅದೂ ಒಂದು ಮಾತು ಹೇಳ್ತು. ಅದಕ್ಕ ಕಮಿಷನ್ ಇಲ್ಲ."

ಇಪ್ಪತ್ತೈದು

ಆಗ ನಾನು ಮೋಮಿನಪುರದ ಮಿಸ್ತ್ರಿಯನ್ನು, ಇಂಜಿನ್ ರಿಪೇರಿಯವನನ್ನು, ಕರೆಸಿದೆ. ಮೊದಲೇ ಕರೆಸಬೇಕಿತ್ತು; ಆದರೆ ಮಿಸ್ತ್ರಿ ರೊಕ್ಕ ತಗೊಳ್ಳುತ್ತಾನೆ, ಗೋಣಿಚೀಲ ರೊಕ್ಕ ಕೇಳುವುದಿಲ್ಲ. ಬಂದವನು ಒಂದೂವರೆ ದಿನ ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ತಲೆ ಇಟ್ಟ. ಡೀಸೆಲ್ ಫಿಲ್ಟರ್ ಬದಲಿಸಿದ, ಪೈಪಿನಲ್ಲಿ ಸಿಕ್ಕಿದ್ದ ಗಾಳಿ ತೆಗೆದ, ತಣ್ಣಗಿನ ಇಂಜಿನ್ನಿಗೆ ಮೊದಲ ಕಾವು ಕೊಡುವ ಹೀಟರ್ ಸುಟ್ಟುಹೋಗಿತ್ತು, ಅದನ್ನು ತೆಗೆದು ಹೊಸದು ಹಾಕಿದ, ಬ್ಯಾಟರಿಯ ತಲೆಗೆ ಬಿಸಿನೀರು ಹುಯ್ದು ತೊಳೆದ. ಕೊನೆಗೆ ಕೈ ಒರೆಸಿಕೊಳ್ಳುತ್ತ ಹೇಳಿದ:

"ಸೇಟ್, ಇಂಜಿನ್ ಖರಾಬ್ ಇಲ್ಲ. ನಿಮ್ಮ ಸಬರ್ ಖರಾಬ್ ಅದ."

ಸಬರ್ ಅಂದರೆ ತಾಳ್ಮೆ. ಆ ಮಾಲು ನಮ್ಮ ಅಂಗಡಿಯಲ್ಲಿ ಇಡುವುದಿಲ್ಲ.

ಮರುದಿನ ಮುಂಜಾನೆ ನನ್ನನ್ನೇ ಸೀಟಿನ ಮೇಲೆ ಕೂಡಿಸಿ ಪಾಠ ಶುರು ಮಾಡಿದ. ಮೊದಲು ಎಣ್ಣೆ ನೋಡು, ನೀರು ನೋಡು. ಗೇರ್ ನ್ಯೂಟ್ರಲ್. ಕ್ಲಚ್ ಪೂರ್ತಿ ಒತ್ತು. ಗೇರ್ ಡಬ್ಬಿಯ ಎಣ್ಣೆ ಥಂಡಿಗೆ ಗಟ್ಟಿಯಾಗಿರುತ್ತದೆ, ಅದನ್ನೂ ತಿರುಗಿಸುವ ಭಾರ ಬಡ ಸೆಲ್ಫಿನ ಮೇಲೆ ಹಾಕಬೇಡ. ಕೈ ರೇಸು ಅರ್ಧ. ಚಾವಿ ಹೀಟರ್ ಕಡೆ ತಿರುಗಿಸಿ ಇಪ್ಪತ್ತೈದು ಎಣಿಸು. ಆಮೇಲೆ ಸೆಲ್ಫ್, ಅದೂ ಹತ್ತು ಎಣಿಸುವಷ್ಟೇ. ಏಳಲಿಲ್ಲವೋ, ಅರ್ಧ ನಿಮಿಷ ಸುಮ್ಮನೆ ಕೂಡು, ಬ್ಯಾಟರಿ ಉಸಿರು ತಗೊಳ್ಳಲಿ.

ನಾನು ಚಾವಿ ತಿರುಗಿಸಿ ಎಣಿಸಿದೆ. ಸೆಲ್ಫ್ ಹೊಡೆದೆ. ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಮಲಗಿತು.

"ಸೇಟ್, ಎಷ್ಟು ಎಣಿಸಿದ್ರಿ?"

"ಇಪ್ಪತ್ತೈದು."

"ಜೋರಾಗಿ ಎಣಿಸಿ ತೋರ್ಸಿ."

ತೋರಿಸಿದೆ. ಮಿಸ್ತ್ರಿ ಹಣೆ ಹಿಡಿದುಕೊಂಡ.

"ಅರೆ ಸೇಟ್! ಇದು ನೋಟು ಎಣಿಸೋದು. ನಾಲ್ಕು ಸೆಕೆಂಡ್‌ನಾಗ ಇಪ್ಪತ್ತೈದು ಮುಗೀತು. ಹೀಟರ್‌ಗೆ ಹಾಗಲ್ಲ. ರೊಕ್ಕ ತಗೊಳ್ಳೋವಾಗ ಎಣಿಸಿದಂಗ ಎಣಿಸ್ಬ್ಯಾಡಿ, ಕೊಡೋವಾಗ ಎಣಿಸ್ತೀರಲ್ಲ, ಹಂಗ ಎಣಿಸಿ."

ಹಾಗೆ ಎಣಿಸಿದೆ. ಒಂದೊಂದು ಅಂಕಿಯನ್ನೂ ನೋಟಿನ ಹಾಗೆ ಹಿಡಿದು ಹಿಡಿದು ಬಿಟ್ಟೆ. ಸೆಲ್ಫ್ ಹೊಡೆದೆ. ಒಂದೇ ಏಟಿಗೆ ಗುಡುಗುಡು ಎಂದು ಎದ್ದು ನಿಂತಿತು. ಖುಷಿಯಾಗಿ ರೇಸು ಕೊಡಲು ಹೋದೆ; ಮಿಸ್ತ್ರಿ ಕೈ ಮೇಲೆ ಹೊಡೆದ.

"ಎದ್ದ ಕೂಡ್ಲೇ ಓಡಿಸ್ತಾರೇನು? ಎಣ್ಣೆ ಇನ್ನೂ ಕೆಳಗ ಅದ. ಎಣ್ಣೆ ಮೀಟರಿನ ಮುಳ್ಳು ಮೇಲೆ ಬರ್ಲಿ. ರೇಸು ಇಳಿಸಿ, ಒಂದು ಚಹಾ ಕುಡಿಯೋವಷ್ಟು ಹೊತ್ತು ತನ್ನಷ್ಟಕ್ಕೆ ಓಡ್ಲಿ. ಆಮೇಲೆ ಕೆಲಸ."

ಎದುರಿನ ಹೋಟೆಲಿನಿಂದ ಚಹಾ ಬಂತು. ನಾನು ಬಶಿಗೆ ಸುರಿದು ಎರಡು ಗುಟುಕಿಗೆ ಮುಗಿಸಿ, ಗೇರಿಗೆ ಕೈ ಹಾಕಿದೆ. ಮಿಸ್ತ್ರಿ ತನ್ನ ತುಂಬಿದ ಕಪ್ಪು ನನ್ನ ಮುಂದೆ ಹಿಡಿದ.

"ನಿಮ್ಮ ಚಹಾ ಅಲ್ಲ ಸೇಟ್. ಮನುಷ್ಯರ ಚಹಾ."

ತಳ್ಳಿದವರು

ಈಗ ಟ್ರ್ಯಾಕ್ಟರ್ ಹುಷಾರಾಗಿತ್ತು, ಶೆಡ್ಡಿನಿಂದ ಹೊರಬಂದು ಅಂಗಳದ ಇಳಿಜಾರಿನಲ್ಲಿ ನಿಂತಿತ್ತು. ಮುಚ್ಚಿಡುವುದು ಏನೂ ಇರಲಿಲ್ಲ. ನನ್ನ ದಂಧೆಯಲ್ಲಿ ಇದು ಅಪರೂಪದ ಸ್ಥಿತಿ, ಸ್ವಲ್ಪ ಅಂಜಿಕೆಯೂ ಆಗುತ್ತದೆ.

ಮೂರನೆಯ ಗಿರಾಕಿ ಒಬ್ಬರೇ ಬರಲಿಲ್ಲ. ಕಮಲಾಪುರದಿಂದ ಟಂಟಂ ಗಾಡಿ ತುಂಬ ಬಂದರು: ಕೊಳ್ಳುವವರು ಒಬ್ಬರು, ಬುದ್ಧಿ ಹೇಳುವವರು ಒಂಬತ್ತು ಮಂದಿ. ಹತ್ತೂ ಅಂಗೈ ಒಂದರ ನಂತರ ಒಂದು ಬಾನೆಟ್ಟಿನ ಮೇಲೆ ಬಿದ್ದವು. ತಣ್ಣಗಿತ್ತು, ಖರೇ ತಣ್ಣಗಿತ್ತು. ಬಾನೆಟ್ ಎತ್ತಿ ನೋಡಿದರು, ಬೆಕ್ಕು ಇರಲಿಲ್ಲ. ಬೆಕ್ಕಿನ ಸುದ್ದಿ ಅಷ್ಟು ದೂರ ಮುಟ್ಟಿದೆ ಎಂದು ನನಗೆ ಆಗ ಗೊತ್ತಾಯಿತು.

"ನೀವೇ ಕುಂದರ್ರಿ ಗೌಡ್ರ, ಸೀಟ್ ನೋಡ್ರಿ. ನಾ ಚಾವಿ ತರ್ತೀನಿ, ಹ್ಯಾಂಗ ಶುರು ಮಾಡೂದು ತೋರಸ್ತೀನಿ" ಎಂದು ಕೊಳ್ಳುವವರನ್ನು ಮೇಲೆ ಹತ್ತಿಸಿ ಕುರ್ಚಿಯಿಂದ ಎದ್ದೆ.

ನಮ್ಮ ಕಡೆಯ ರೈತರ ಒಂದು ರೂಢಿ ಹೇಳಬೇಕು. ಹಳೆ ಟ್ರ್ಯಾಕ್ಟರನ್ನು ಯಾರೂ ಸಪಾಟಿನ ಮೇಲೆ ನಿಲ್ಲಿಸುವುದಿಲ್ಲ. ಇಳಿಜಾರು ಹುಡುಕಿ ನಿಲ್ಲಿಸುತ್ತಾರೆ. ಬ್ಯಾಟರಿ ಸತ್ತಿದ್ದರೆ ಮುಂಜಾನೆ ನಾಲ್ಕು ಮಂದಿ ತಳ್ಳುತ್ತಾರೆ, ಸೀಟಿನ ಮೇಲಿನವನು ಗೇರಿನಲ್ಲಿಟ್ಟು ಕ್ಲಚ್ ಬಿಡುತ್ತಾನೆ, ಶುರು; ಚಾವಿಯೂ ಬೇಡ. ಹತ್ತು ವರ್ಷ ಹಾಗೆ ಮಾಡಿದ ಮೇಲೆ, ಯಾರಾದರೂ ಹಳೆ ಟ್ರ್ಯಾಕ್ಟರ್ ಹತ್ತಿ ಕೂತರೆ ಸಾಕು, ಉಳಿದವರ ಕಾಲು ತಾವಾಗಿಯೇ ಹಿಂದಕ್ಕೆ ಹೋಗುತ್ತವೆ. ಮೇಲಿನವನ ಕೈ ತಾನಾಗಿಯೇ ಗೇರಿಗೆ ಹೋಗುತ್ತದೆ.

ನಾನು ಮೊಳೆಗೆ ಹಾಕಿದ್ದ ಚಾವಿ ತೆಗೆದುಕೊಂಡು ತಿರುಗುವಷ್ಟರಲ್ಲಿ ಒಂಬತ್ತು ಮಂದಿ ಹಿಂದೆ ನಿಂತಾಗಿತ್ತು.

"ಏಯ್, ತಳ್ಳಬ್ಯಾಡ್ರೋ!" ಎಂದು ಕೂಗಿದೆ.

"ತಳ್ಳರೋ ಅಂದ್ರು, ತಳ್ಳರಿ!" ಎಂದು ಅವರಲ್ಲೊಬ್ಬ ಹುರುಪಿನಲ್ಲಿ ಕೂಗಿದ. ಒಂಬತ್ತು ಮಂದಿ ಸೇರಿ ಕೂಗು ಹಾಕುವಾಗ ಒಬ್ಬ ಸಾವ್ಕಾರನ 'ಬ್ಯಾಡ' ಯಾರಿಗೆ ಕೇಳಬೇಕು? ಟ್ರ್ಯಾಕ್ಟರು ಇಳಿಜಾರಿನಲ್ಲಿ ಹೊರಟಿತು. ಗೌಡರು ಕ್ಲಚ್ ಬಿಟ್ಟರು. ಮಿಸ್ತ್ರಿ ಮಾಡಿಟ್ಟ ಇಂಜಿನ್ನು ಒಂದೇ ಎಳೆತಕ್ಕೆ ಶುರುವಾಗಿ, ಅಂಗಳ ದಾಟಿ, ನಾನು ಒಂದು ನಿಮಿಷದ ಹಿಂದೆ ಎದ್ದ ಕುರ್ಚಿಯ ಮೇಲೆ ಹಾಯ್ದು, ಗೇಟಿನ ಹತ್ತಿರ ನಿಂತಿತು. ಪ್ಲಾಸ್ಟಿಕ್ ಕುರ್ಚಿ ರೊಟ್ಟಿಯಾಗಿತ್ತು.

ಹತ್ತು ಮಂದಿ ದೂರ ಹೋಗಿ ಗುಂಪಾಗಿ ಮಾತಾಡಿಕೊಂಡರು. ಗೌಡರು ಬಂದು ಗಂಭೀರವಾಗಿ ಹೇಳಿದರು:

"ಗಾಡಿ ಚೊಲೋ ಅದ ಸಾವ್ಕಾರ್ರ. ಆದ್ರ ಬ್ಯಾಡ."

"ಯಾಕ್ರಿ?"

"ತಳ್ಳಿದ್ರ ಮಾತ್ರ ಶುರು ಆಗ್ತದ. ನಾವು ಕಣ್ಣಾರೆ ನೋಡೀವಿ."

ಮೂರು ಮುಂಜಾನೆ

ಇಷ್ಟಾಗುವಷ್ಟರಲ್ಲಿ ಟ್ರ್ಯಾಕ್ಟರಿಗೆ ಹೆಸರು ಬಿದ್ದುಹೋಯಿತು. ಕಮಲಾಪುರದ ಸಂತೆಯಲ್ಲಿ 'ಜ್ವರದ ಟ್ರ್ಯಾಕ್ಟರ್' ಅಂದರೆ ನನ್ನ ಶೆಡ್ಡು. ಬೇರೆ ಟ್ರ್ಯಾಕ್ಟರ್ ಕೇಳಲು ಬಂದ ಆ ಕಡೆಯ ಇಬ್ಬರು, ಮಾತು ಮುಗಿಯುತ್ತ ಬಂದಾಗ "ಇದಕ್ಕ ಏನು ಬ್ಯಾನಿ ಅದ್ರಿ?" ಎಂದು ಕೇಳಿ ಎದ್ದು ಹೋದರು. ಈಗ ಕಮಲಾಪುರದ ಒಬ್ಬರಾದರೂ ಇದನ್ನು ಪೂರಾ ಬೆಲೆ ಕೊಟ್ಟು ಒಯ್ಯದೆ ಹೋದರೆ, ಆ ತಾಲೂಕಿನ ವ್ಯಾಪಾರವೇ ನನಗೆ ಮುಗಿದ ಹಾಗೆ.

ಅಂಥ ಹೊತ್ತಿನಲ್ಲಿ ಒಂದು ದಿನ ಬಸ್ಸಿಳಿದು ಒಬ್ಬ ಅವ್ವ ಬಂದರು. ವಯಸ್ಸು ಅರವತ್ತೈದರ ಮೇಲೆ, ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಬುತ್ತಿ ಚೀಲ. ಕಮಲಾಪುರದಲ್ಲಿ ಕೆಂಬಾಳೆ ತೋಟ ಇದೆ ಎಂದರು. ಟ್ರ್ಯಾಕ್ಟರನ್ನು ಸುತ್ತು ಹಾಕಿ ನೋಡಿದರು. ಅಂಗೈ ಮಾತ್ರ ಇಡಲಿಲ್ಲ.

"ಕೈ ಇಟ್ಟು ನೋಡಂಗಿಲ್ಲೇನ್ರಿ ಅವ್ವಾರ?" ನಾನೇ ಕೇಳಿದೆ.

"ಕೈ ಇಟ್ರ ನೀ ತಣ್ಣಗ ಮಾಡಿಟ್ಟಿರ್ತಿ. ಬೆಕ್ಕು ಹುಡುಕಿದ್ರ ಬೆಕ್ಕು ಓಡಿಸಿರ್ತಿ. ನಂಗೆಲ್ಲಾ ಸುದ್ದಿ ಬಂದದ ತಮ್ಮಾ" ಎಂದರು. ಆಮೇಲೆ ತಮ್ಮ ಕರಾರು ಹೇಳಿದರು. ಟ್ರ್ಯಾಕ್ಟರ್ ಮೂರು ರಾತ್ರಿ ಅವರ ತೋಟದ ಶೆಡ್ಡಿನಲ್ಲಿ ನಿಲ್ಲಬೇಕು, ಬೀಗ ಅವರದು. ಮೂರು ಮುಂಜಾನೆ ಅವರೇ ಸ್ವತಃ ಶುರು ಮಾಡುತ್ತಾರೆ. ಮೂರೂ ದಿನ ಒಂದೇ ಸೆಲ್ಫಿಗೆ ಎದ್ದರೆ ಎರಡೂವರೆ ಲಕ್ಷ, ಚೌಕಾಸಿ ಇಲ್ಲ. ಒಂದು ದಿನ ಏಳದಿದ್ದರೂ ಎರಡೇ ಲಕ್ಷ.

ಒಪ್ಪಿದರೆ ಅಸಲಿನಲ್ಲೇ ಹತ್ತು ಸಾವಿರ ಕೈಯಿಂದ ಹೋಗುವ ಅಪಾಯ. ಒಪ್ಪದಿದ್ದರೆ ಕಮಲಾಪುರವೇ ಹೋಗುತ್ತದೆ. ಒಪ್ಪಿದೆ.

ಮಿಸ್ತ್ರಿಯೇ ಟ್ರ್ಯಾಕ್ಟರ್ ಓಡಿಸಿಕೊಂಡು ಕಮಲಾಪುರಕ್ಕೆ ಬಂದ. ತೋಟದ ಶೆಡ್ಡಿನಲ್ಲಿ ನಿಲ್ಲಿಸಿ ಅವ್ವನಿಗೆ ಪಾಠ ಮಾಡಿದ: ನ್ಯೂಟ್ರಲ್, ಕ್ಲಚ್, ಅರ್ಧ ರೇಸು, ಹೀಟರ್ ಇಪ್ಪತ್ತೈದು, ಸೆಲ್ಫ್ ಹತ್ತು. ಅವ್ವ ಸೀರೆ ಕಚ್ಚೆ ಬಿಗಿದು ಸೀಟಿನ ಮೇಲೆ ಕೂತು ಒಂದೊಂದನ್ನೂ ಕೈಯಾರೆ ಮಾಡಿ ನೋಡಿದರು.

"ಡ್ರೈವರ್ ಕೈಗೆ ಕೊಡಂಗಿಲ್ಲೇನ್ರಿ?" ಎಂದೆ.

"ಗಂಡಸರಿಗೆ ಇಪ್ಪತ್ತೈದು ಎಣಿಸೋ ತನಕ ಎಲ್ಲಿ ತಾಳಕ್ಕಾಗ್ತದ" ಎಂದರು. ಮಿಸ್ತ್ರಿ ನನ್ನ ಮುಖ ನೋಡಿ ಹಲ್ಲು ಕಿಸಿದ.

"ಶುರು ಆದ ಮ್ಯಾಲ ಒಂದು ಚಹಾ ಅಮ್ಮಾಜಿ. ಚಹಾ ಮುಗಿಯೋ ತನಕ ಗಾಡಿ ಮುಟ್ಟಬಾರ್ದು" ಎಂದ.

"ಶುರು ಆದ ಮ್ಯಾಲ ಚಹಾ. ಆತು" ಎಂದು ಅವ್ವ ಬಾಯಿಪಾಠ ಮಾಡಿಕೊಂಡರು. ಶೆಡ್ಡಿಗೆ ಬೀಗ ಬಿತ್ತು.

ಮೂರನೆಯ ಮುಂಜಾನೆ ಕಳೆದು ಹತ್ತು ಗಂಟೆಗೆ ನಾನು ಬಸ್ಸಿಳಿದು ತೋಟಕ್ಕೆ ಹೋದೆ. ಅವ್ವ ಕಟ್ಟೆಯ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ಮುಖ ಮೂರು ಗೇಣು.

"ಏನು ಹೇಳ್ಲಿ ತಮ್ಮಾ. ಮೂರು ದಿನ ಆತು, ಶುರುನೇ ಆಗವಲ್ದು. ನಿಂದ್ರಿಸಿದ್ದು ನಿಂದ್ರಿಸಿದಲ್ಲೇ ಅದ. ಮಾತು ಮಾತೇ. ಎರಡು ಲಕ್ಷಕ್ಕ ಕೊಡ್ತಿ ಅಂದ್ರ ಕೊಡು, ಇಲ್ಲಂದ್ರ ಒಯ್ಯಿ."

ಶೆಡ್ಡಿಗೆ ಹೋದೆ. ಜೀವನದಲ್ಲಿ ಮೊದಲ ಸಲ, ಕೊಳ್ಳುವವರ ಹಾಗೆ ನಾನೇ ಅಂಗೈ ಇಟ್ಟೆ. ಬಾನೆಟ್ಟು ತಣ್ಣಗಿತ್ತು. ಮಡಕೆಯ ಹಾಗೆ ತಣ್ಣಗೆ. ಆ ತಣ್ಣಗೆ ನನಗೆ ಪರಿಚಯದ ತಣ್ಣಗೆ. ಮೂಲೆಯಲ್ಲಿ ನೋಡಿದರೆ ಒಂದು ರಾಶಿ ಬಾಳೆ ಎಲೆ, ಹಸಿ ಹಸಿ, ನೀರು ತೊಟ್ಟಿಕ್ಕುತ್ತ ಇದ್ದವು. ನನ್ನದು ಗೋಣಿಚೀಲ, ಇವರದು ಬಾಳೆ ಎಲೆ. ತೋಟಗಾರರಲ್ಲವೇ.

ಬಾನೆಟ್ ಎತ್ತಿದೆ. ಬೆಕ್ಕು ಇರಲಿಲ್ಲ.

"ಏನು ಹುಡಕಾಕತ್ತಿ?" ಅವ್ವ ಹಿಂದೆಯೇ ಬಂದಿದ್ದರು.

"ಏನಿಲ್ರಿ. ನಿಮ್ಮನ್ಯಾಗ ಬೆಕ್ಕು ಇಲ್ಲೇನ್ರಿ?"

"ಬೆಕ್ಕಾ? ನಮ್ಮಲ್ಲಿ ಬೆಕ್ಕೇ ಇಲ್ಲ."

ಆ ಮಾತು ಮುಗಿಯುವುದಕ್ಕೂ, ಗೋಡೆಯ ಹತ್ತಿರ ಬೋರಲು ಹಾಕಿದ್ದ ಬಾಳೆಹಣ್ಣಿನ ಬುಟ್ಟಿ 'ಮ್ಯಾಂವ್' ಎನ್ನುವುದಕ್ಕೂ ಸರಿಹೋಯಿತು. ಬುಟ್ಟಿಯ ಮೇಲೆ ಕಲ್ಲು ಹೇರಿತ್ತು.

ಅವ್ವ ಬುಟ್ಟಿಯ ಕಡೆ ತಿರುಗಿ ನೋಡಲೂ ಇಲ್ಲ. "ಇಲಿ ಇರಬೇಕು" ಎಂದರು.

ನಾನೂ ಒತ್ತಾಯ ಮಾಡಲಿಲ್ಲ. ವ್ಯಾಪಾರದಲ್ಲಿ ಎದುರಿನವರ ಮೊದಲ ಸುಳ್ಳಿಗೇ ಬೀಳಬಾರದು; ಕೊನೆಯದರ ತನಕ ಕಾಯಬೇಕು. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದೆ. ಸೀಟಿನ ಪಕ್ಕದ ಮಡ್‌ಗಾರ್ಡಿನ ಮೇಲೆ ಗ್ಲಾಸಿನ ತಳದಷ್ಟು ಅಗಲದ ಕಲೆಗಳು, ಉಂಗುರ ಉಂಗುರ. ಎಣಿಸಿದೆ, ಹೀಟರಿಗೆ ಎಣಿಸುವ ಹಾಗೆ ನಿಧಾನಕ್ಕೆ ಎಣಿಸಿದೆ. ಮೂರು. ಒಂದನೆಯದು ಪೂರ್ತಿ ಒಣಗಿತ್ತು. ಎರಡನೆಯದರ ಮೇಲೆ ನಾಲ್ಕೈದು ಇರುವೆ. ಮೂರನೆಯದರ ಮೇಲೆ ಇರುವೆಗಳ ಸಂತೆಯೇ ನೆರೆದಿತ್ತು.

"ಅವ್ವಾರ, ಇಲ್ಲಿ ಚಹಾ ಕುಡದವರು ಯಾರ್ರಿ?"

ಅವ್ವ ಸೆರಗು ಸರಿಮಾಡಿಕೊಂಡರು.

"ನಾನೇ. ಶುರು ಆಗವಲ್ದು ಅಂತ ಬ್ಯಾಸರಕ್ಕ ಕುಡದೆ."

"ಮೂರು ದಿನಾನೂ ಬ್ಯಾಸರ ಆತೇನ್ರಿ? ಅದೂ ಸೀಟಿನ ಮ್ಯಾಲೆ ಕುಂತು, ಆರಾಮ ಮಡ್‌ಗಾರ್ಡಿನ ಮ್ಯಾಲ ಗ್ಲಾಸ್ ಇಟ್ಟು? ಶುರು ಆದ ಮ್ಯಾಲ ಚಹಾ ಅಂತ ಮಿಸ್ತ್ರಿ ಹೇಳಿದ್ದ, ನೀವು ಬಾಯಿಪಾಠ ಮಾಡಿದ್ರಿ. ಶುರು ಆಗಲಾರದ ಚಹಾ ಹ್ಯಾಂಗ ಬಂತ್ರಿ?"

ಹೇಳುತ್ತಲೇ ಬಾನೆಟ್ಟಿನ ಕೆಳಗೆ, ಬಾಳೆ ಎಲೆ ಮುಟ್ಟದ ಕಡೆ, ಇಂಜಿನ್ನಿನ ಹೊಟ್ಟೆಗೇ ಕೈ ಒಯ್ದೆ. ಸುಡುಸುಡು.

"ಅವ್ವಾರ, ಇದಕ್ಕ ಜ್ವರ ಬಂದಾವ!"

"ಬಿಸಿಲಿಗೆ ಕಾದದ" ಎಂದರು ಅವ್ವ, ರೆಪ್ಪೆ ಬಡಿಯದೆ.

"ಶೆಡ್ಡಿನೊಳಗ ಬಿಸಿಲು ಹ್ಯಾಂಗ ಬಂತ್ರಿ?"

ಆಗ ಅವ್ವ ನಕ್ಕರು. ಎರಡು ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಕಟ್ಟೆಯ ಕಡೆ ಕೈ ತೋರಿಸಿದರು. ಅಲ್ಲಿ ಛತ್ರಿ ಪಕ್ಕಕ್ಕಿಟ್ಟುಕೊಂಡು, ಟೋಪಿ ಹಾಕಿಕೊಂಡು ಕೂತಿದ್ದವರು ನನ್ನ ಮೊದಲನೆಯ ಗಿರಾಕಿ, ಆ ಹಿರಿಯ ರೈತರು.

"ಇದು ನಮ್ಮ ಮನಿಯವರ ಮಾತು. ಅವರ ಮಾತು ನಂಗೇ ತಂದು ಮಾರ್ತಿಯೇನೋ?"

"ಹಳೇದು ತಗೊಂಡು ಮಾರೂದೇ ನನ್ನ ದಂಧೇರಿ" ಎಂದೆ.

ಮುಂಜಾನೆಯ ಹಾಗೆಯೇ ಅವ್ವ ಸೀಟಿನ ಮೇಲೆ ಕೂತು ಟ್ರ್ಯಾಕ್ಟರ್ ಶುರು ಮಾಡಿ ತೋರಿಸಿದರು. ಆ ಎಣಿಕೆ ಮಿಸ್ತ್ರಿ ಕೇಳಬೇಕಿತ್ತು. ಬುಟ್ಟಿ ಎತ್ತಿದ ಕೂಡಲೇ ಬೆಕ್ಕು ಯಾರನ್ನೂ ಕೇಳದೆ ಬಾನೆಟ್ಟಿನ ಮೇಲೆ ಹೋಗಿ ಕೂತಿತು. ರೊಕ್ಕದ ಗಂಟು ಬಿಚ್ಚಿತು. ನಾನು ಎಣಿಸಿದೆ, ನನ್ನ ಪದ್ಧತಿಯಲ್ಲೇ, ಬೇಗ. ಕೊನೆಗೆ ಮೂವತ್ತು ರೂಪಾಯಿ ಕಡಿಮೆ ಬಿತ್ತು. ಮತ್ತೆ ಎಣಿಸಿದೆ, ಮಿಸ್ತ್ರಿಯ ಪದ್ಧತಿಯಲ್ಲಿ, ನಿಧಾನಕ್ಕೆ. ಆಗಲೂ ಮೂವತ್ತು ಕಡಿಮೆ.

"ಅವ್ವಾರ, ಮೂವತ್ತು ರೂಪಾಯಿ..."

"ಮೂರು ಚಹಾ" 

ಅವ್ವ ಮಡ್‌ಗಾರ್ಡಿನ ಮೇಲಿನ ಉಂಗುರಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. "ನಿನ್ನ ಗಾಡಿ ಕಾಯಸಾಕ ನನ್ನ ಹಾಲು, ನನ್ನ ಸಕ್ಕರಿ. ನೀನೇ ಎಣಿಸೀದಿಯಲ್ಲ, ಸಾಕ್ಷಿ ಬೇರೆ ಬೇಕೇನು?"

ಹಾಗಾಗಿ ಕೈಗೆ ಬಂದದ್ದು ಎರಡು ಲಕ್ಷ ನಲವತ್ತೊಂಬತ್ತು ಸಾವಿರದ ಒಂಬೈನೂರ ಎಪ್ಪತ್ತು. ಟ್ರ್ಯಾಕ್ಟರಿನ ಅಸಲು ಎರಡು ಲಕ್ಷ ಹತ್ತು ಸಾವಿರ, ಮಿಸ್ತ್ರಿಗೂ ಸಾಮಾನಿಗೂ ಎಂಟೂವರೆ ಸಾವಿರ, ಕುರ್ಚಿಗೆ ನಾಲ್ಕುನೂರ ಎಪ್ಪತ್ತು ಕಳೆದರೆ ಉಳಿದ ಲಾಭ ಸರಿಯಾಗಿ ಮೂವತ್ತೊಂದು ಸಾವಿರ. ಮೇಲೆ ಒಂದು ಡಜನ್ ಕೆಂಬಾಳೆ, ಪೂರಾ ಕಾಯಿ. ಅದನ್ನು ಚೀಲಕ್ಕೆ ಹಾಕುತ್ತ ಅವ್ವ ಹೇಳಿದ ಮಾತಿಗೂ ರೊಕ್ಕ ತಗೊಳ್ಳಲಿಲ್ಲ: "ಲಗೂನ ಹಣ್ಣಾಗ್ಲಿ ಅಂತ ಬಿಸಿಲಿಗೆ ಇಟ್ಟು ಗಡಬಡಿ ಮಾಡಬ್ಯಾಡ ತಮ್ಮಾ. ಹಸಿ ಗೋಣಿಚೀಲ ಹೊಚ್ಚಿ ಇಡು. ನಿಂಗ ರೂಢಿ ಅದ."